ಹುದುಗು ತಡವಾಗುವುದೇಕೆ? ಬೆಳಗಾವಿ-ಖಾನಾಪುರ ಸೀಮೆಯ ಅಡಿಗೆಮನೆ, ಅರ್ಥಶಾಸ್ತ್ರದ ಕಿಣ್ವ ಮತ್ತು ಬಿಯರಿನ ಪೀಪಾಯಿ

೧. ವಿಷಯಪ್ರವೇಶ

ಹುದುಗಿಗೆ ಇಟ್ಟ ಹಿಟ್ಟಾಗಲಿ ಧಾನ್ಯದ ಸಾರವಾಗಲಿ ನಿರೀಕ್ಷಿಸಿದ ಹೊತ್ತಿಗೆ ಏಳದೆ ಸ್ತಬ್ಧವಾಗಿ ಉಳಿಯುವುದು ಬಹು ಹಳೆಯ ತೊಡಕು. ಇಡ್ಲಿಗೆ ರುಬ್ಬಿಟ್ಟ ಗೃಹಿಣಿಗೂ, ಕಾಯಿದೆಯ ಅನುಮತಿಯಿರುವ ದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸಿಗೂ, ದೊಡ್ಡ ಬ್ರೂವರಿಯ ರಸಾಯನಜ್ಞನಿಗೂ ಇದು ಸಮಾನವಾದುದು. ಪ್ರಸ್ತುತ ಲೇಖನದಲ್ಲಿ ಇದನ್ನು ‘ಮಂದಾರಂಭ’ ಎಂಬ ಹೆಸರಿನಿಂದ ನಿರ್ದೇಶಿಸಲಾಗಿದೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಹುದುಗಿನ ವಿಚಾರಕ್ಕೆ ಏನು ಪ್ರಸಕ್ತಿ ಎಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಹುದುಗಿಸಿದ ಆಹಾರ ಮತ್ತು ಪಾನೀಯಗಳ ವಿಧಾನಗಳು ಅಳತೆಸಹಿತವಾಗಿ ದೊರೆಯುತ್ತವೆ. ಹುದುಗು ಯಾವಾಗ ಏಳುತ್ತದೆ, ಯಾವಾಗ ಏಳುವುದಿಲ್ಲ ಎಂಬ ತಿಳಿವಳಿಕೆಯಿಲ್ಲದೆ ಈ ಅಳತೆಗಳನ್ನು ಓದಿದರೆ ಅವು ಬರಿಯ ಅಂಕಿಗಳಾಗಿ ತೋರುತ್ತವೆ. ಆ ತಿಳಿವಳಿಕೆಯೊಡನೆ ಓದಿದರೆ ಅವುಗಳ ಹಿಂದಿರುವ ಅನುಭವವು ಗೋಚರವಾಗುತ್ತದೆ. ಎರಡನೆಯದು ಸಾಮಾಜಿಕವಾದುದು. ಹುದುಗು ಕೆಟ್ಟಾಗ ನಮ್ಮ ಮನೆಗಳಲ್ಲಿ ಕಾರಣವನ್ನು ಹುಡುಕುವುದಕ್ಕಿಂತ ಮೊದಲು ವ್ಯಕ್ತಿಯನ್ನು ಹುಡುಕುವುದು ರೂಢಿ. ‘ಕೈಗುಣ’ ಎಂಬ ಒಂದು ಮಾತಿನಲ್ಲಿ ದೋಷವೆಲ್ಲವೂ ರುಬ್ಬಿದವಳ ಮೇಲೆ ಬೀಳುತ್ತದೆ. ಈ ರೂಢಿಯನ್ನು ಪರೀಕ್ಷಿಸುವುದೂ ಇತಿಹಾಸಾಭ್ಯಾಸಿಯ ಕರ್ತವ್ಯಗಳಲ್ಲೊಂದು.

೨. ಸ್ಥಳ ಮತ್ತು ಋತು

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿಯ ಉಷ್ಣತೆ ೩೫ ಸೆಂಟಿಗ್ರೇಡ್ ಡಿಗ್ರಿಗಳನ್ನು ಮುಟ್ಟುವುದುಂಟು; ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಅದು ೧೪ ಡಿಗ್ರಿಗಳ ಆಸುಪಾಸಿಗೆ ಇಳಿಯುತ್ತದೆ. ನಗರದಿಂದ ನೈರುತ್ಯ ದಿಕ್ಕಿಗೆ ಸಹ್ಯಾದ್ರಿಯ ಕಡೆಗೆ ಸಾಗಿದರೆ ಖಾನಾಪುರ ತಾಲ್ಲೂಕು. ಆದಿಕದಂಬರ ಪಲಾಶಿಕೆಯಾಗಿದ್ದ ಹಲಸಿಯು ಈ ತಾಲ್ಲೂಕಿನಲ್ಲಿಯೇ ಇದೆ. ಕಾಡು, ಭತ್ತದ ಗದ್ದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ: ಇವು ಆ ಪ್ರದೇಶದ ಲಕ್ಷಣಗಳು. ಮಳೆಗಾಲದಲ್ಲಿ ಹಗಲಿನಲ್ಲಿಯೂ ಮನೆಯೊಳಗೆ ತಂಪು ಹಿಡಿದಿರುತ್ತದೆ.

ಒಂದೇ ಅಳತೆಯ ಅಕ್ಕಿ, ಒಂದೇ ಅಳತೆಯ ಉದ್ದು, ಅದೇ ಕೈ. ಆದರೂ ಏಪ್ರಿಲ್‌ನಲ್ಲಿ ಏಳೆಂಟು ತಾಸುಗಳಲ್ಲಿ ಪಾತ್ರೆಯ ಅಂಚಿಗೆ ಬರುವ ದೋಸೆಯ ಹಿಟ್ಟು ಜನವರಿಯಲ್ಲಿ ಹದಿನೈದು ತಾಸು ಕಳೆದರೂ ತಳದಲ್ಲಿಯೇ ಇರುತ್ತದೆ. ಜೀವಿಗಳ ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ ೧೦ ಡಿಗ್ರಿಗೆ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬುದು ಜೀವರಸಾಯನಶಾಸ್ತ್ರದಲ್ಲಿ ಪರಿಚಿತವಾದ ಸಂಗತಿ. ೩೦ ಡಿಗ್ರಿಯಲ್ಲಿ ಎಂಟು ತಾಸು ಬೇಕಾದುದಕ್ಕೆ ೨೦ ಡಿಗ್ರಿಯಲ್ಲಿ ಹದಿನಾರು ತಾಸು ಬೇಕೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಸೀಮೆಯ ಮನೆಗಳಲ್ಲಿ ರೂಢಿಯಲ್ಲಿರುವ ಉಪಾಯಗಳು ವಾಚಕರಿಗೆ ತಿಳಿದವೇ ಆಗಿವೆ. ಪಾತ್ರೆಯನ್ನು ಒಲೆಯ ಪಕ್ಕದಲ್ಲಿಡುವುದು, ಕಂಬಳಿ ಸುತ್ತುವುದು, ಹಿಂದಿನ ಹಿಟ್ಟಿನಲ್ಲಿ ಒಂದು ಸೌಟನ್ನು ಉಳಿಸಿ ಹೊಸದರಲ್ಲಿ ಬೆರೆಸುವುದು, ಸೌಟಿನ ಬದಲು ಕೈಯಿಂದಲೇ ಕಲಸುವುದು, ಉದ್ದು ನೆನೆದ ನೀರನ್ನು ಚೆಲ್ಲದೆ ರುಬ್ಬಲು ಬಳಸುವುದು, ಒಂದು ಚಿಟಿಕೆ ಮೆಂತ್ಯ ಸೇರಿಸುವುದು, ಚಳಿಗಾಲದಲ್ಲಿ ಉಪ್ಪನ್ನು ಹಿಟ್ಟು ಎದ್ದ ಮೇಲೆ ಹಾಕುವುದು. ಗೋವೆಯ ಗಡಿಗೆ ಹತ್ತಿಕೊಂಡಿರುವ ಈ ಭಾಗಕ್ಕೆ ಪರಿಚಿತವಾದ ಇನ್ನೊಂದು ಪದ್ಧತಿಯೂ ಇದೆ. ಗೋವೆಯ ಸಂಪ್ರದಾಯದ ಸಾನ್ನಾಂಗಳಿಗೆ ಹಿಟ್ಟನ್ನು ಏಳಿಸಲು ತಾಜಾ ಶೇಂದಿಯನ್ನು ಬೆರೆಸುತ್ತಿದ್ದರು. ಶೇಂದಿ ದೊರೆಯದೆಡೆಗಳಲ್ಲಿ ಈಗ ಯೀಸ್ಟನ್ನು ಬಳಸುವುದುಂಟು. ಈ ಉಪಾಯಗಳಲ್ಲಿ ಯಾವುದೂ ನಿರರ್ಥಕವಲ್ಲವೆಂಬುದನ್ನು ಮುಂದಿನ ವಿವೇಚನೆಯಿಂದ ಕಾಣಬಹುದು.

೩. ಕ್ರಿಯೆಯ ಸ್ವರೂಪ

ಹುದುಗೆಂಬುದು ಜೀವಿಗಳ ಕಾರ್ಯವೆಂಬ ನಿರ್ಣಯಕ್ಕೆ ಯೂರೋಪಿನ ವಿಜ್ಞಾನಿಗಳು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೬೮೦ರಲ್ಲಿಯೇ ಹಾಲೆಂಡಿನ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಬಿಯರಿನ ಯೀಸ್ಟಿನ ಗುಂಡು ಕಣಗಳನ್ನು ಕಂಡಿದ್ದನು; ಆದರೆ ಅವು ಜೀವಂತವೆಂದು ಆತನು ತಿಳಿಯಲಿಲ್ಲ. ೧೮೩೭ರ ಸುಮಾರಿನಲ್ಲಿ ಕಾನ್ಯಾರ್ ದ ಲಾ ತೂರ್, ಶ್ವಾನ್ ಮತ್ತು ಕ್ಯೂಟ್ಸಿಂಗ್ ಎಂಬ ಮೂವರು ಪ್ರತ್ಯೇಕವಾಗಿ ಯೀಸ್ಟು ಸಜೀವ ವಸ್ತುವೆಂದು ಸಾರಿದರು. ಲೂಯಿ ಪಾಸ್ತರನು ೧೮೫೭ರಲ್ಲಿ ಹಾಲು ಹುಳಿಯುವುದರ ಕಾರಣವನ್ನೂ ಅನಂತರ ಮದ್ಯದ ಹುದುಗನ್ನೂ ವಿವರಿಸಿ, ೧೮೭೬ರಲ್ಲಿ ಬಿಯರನ್ನೇ ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ೧೮೯೭ರಲ್ಲಿ ಬುಕ್ನರನು ಯೀಸ್ಟನ್ನು ಅರೆದು ತೆಗೆದ ಜೀವಕೋಶರಹಿತ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ತೋರಿಸಿದನು.

ಹುದುಗಿನ ಜೀವಿಗಳು ಹೊಸ ಆಹಾರದಲ್ಲಿ ಬಿದ್ದೊಡನೆಯೇ ಅನಿಲವನ್ನು ಹೊಮ್ಮಿಸುವುದಿಲ್ಲ. ಮೊದಲು ಅವು ಹೊಸ ಪರಿಸರಕ್ಕೆ ಹೊಂದಿಕೊಳ್ಳುತ್ತವೆ. ತಮ್ಮ ಕೋಶಭಿತ್ತಿಗಳನ್ನು ಸಿದ್ಧಪಡಿಸಿಕೊಳ್ಳುತ್ತವೆ. ಅನಂತರ ಇಮ್ಮಡಿಸುತ್ತ ಹೋಗುತ್ತವೆ. ಕಣ್ಣಿಗೆ ಏನೂ ಕಾಣದ ಈ ಅವಧಿಯೇ ಆರಂಭದ ವಿಳಂಬ. ಆದ್ದರಿಂದ ಸ್ವಲ್ಪ ವಿಳಂಬವು ದೋಷವಲ್ಲ, ಪ್ರಕೃತಿಯ ನಿಯಮ. ಅದು ಮಿತಿಮೀರಿದಾಗ ಮಾತ್ರ ಮಂದಾರಂಭವೆನಿಸಿಕೊಳ್ಳುತ್ತದೆ.

ಮಿತಿಮೀರಿದ ವಿಳಂಬದಲ್ಲಿ ಅಪಾಯವೇನು? ಹುದುಗಿನ ಪಾತ್ರೆಯು ಒಂದು ಸ್ಪರ್ಧಾರಂಗ. ಗಾಳಿಯಿಂದ, ನೀರಿನಿಂದ, ಪಾತ್ರೆಯಿಂದ ಬಂದ ಬೇಡದ ಜೀವಿಗಳೂ ಅದೇ ಆಹಾರಕ್ಕಾಗಿ ಕಾದಿರುತ್ತವೆ. ಬೇಕಾದ ಜೀವಿಗಳು ಬೇಗನೆ ಬೆಳೆದರೆ ಅವು ಹುಳಿಯನ್ನಾಗಲಿ ಮದ್ಯಸಾರವನ್ನಾಗಲಿ ಉತ್ಪಾದಿಸಿ ಉಳಿದವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಅವು ತಡಮಾಡಿದರೆ ರಂಗವು ಇತರರ ಪಾಲಾಗುತ್ತದೆ. ಹಿಟ್ಟು ಏಳದೆ ಕೆಟ್ಟ ನಾತ ಬರುವುದು ಇದರಿಂದಲೇ. ಬಡ ಕುಟುಂಬಕ್ಕೆ ಹೀಗೆ ಕೆಟ್ಟ ಒಂದು ಪಾತ್ರೆಯ ಧಾನ್ಯವೆಂದರೆ ಒಂದು ಹೊತ್ತಿನ ಊಟ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬಿಯರಿನ ಹುದುಗು ಮುಖ್ಯವಾಗಿ ಯೀಸ್ಟಿನ ಕಾರ್ಯ. ಇಡ್ಲಿಯ ಹಿಟ್ಟು ಏಳುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯದಿಂದ. ಇದು ಹುಳಿಯೊಡನೆ ಇಂಗಾಲಾಮ್ಲವನ್ನೂ ಬಿಡುತ್ತದೆ. ಈ ಬ್ಯಾಕ್ಟೀರಿಯವು ಬಹುಮಟ್ಟಿಗೆ ಉದ್ದಿನೊಡನೆಯೇ ಬರುತ್ತದೆ. ಅಕ್ಕಿಯು ಕುಸುಬಲಕ್ಕಿಯಾಗಿದ್ದರೂ ಇಡ್ಲಿಯಾಗುತ್ತದೆ, ಆದರೆ ಉದ್ದನ್ನು ಬೇಯಿಸಿ ರುಬ್ಬಿದರೆ ಹಿಟ್ಟು ಏಳುವುದು ದುಸ್ತರ. ನೆನೆದ ನೀರನ್ನು ಉಳಿಸಿಕೊಳ್ಳುವ ರೂಢಿಯ ಅರ್ಥವೂ ಇದೇ. ಜೀವಿಗಳು ಬೇರೆಯಾದರೂ ಎರಡೂ ಕಡೆ ಮಂದಾರಂಭದ ಕಾರಣಗಳು ಬಹುತೇಕ ಒಂದೇ ಆಗಿವೆ: ಬೀಜರೂಪದ ಜೀವಿಗಳ ಸಂಖ್ಯೆ, ಅವುಗಳ ಆರೋಗ್ಯ, ಉಷ್ಣತೆ ಮತ್ತು ಆಹಾರ.

೪. ಅರ್ಥಶಾಸ್ತ್ರದ ಕಿಣ್ವ

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ಬಿದ್ದಿತು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಆಂಗ್ಲಾನುವಾದವೂ ಪ್ರಕಟವಾದವು. ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಅಲ್ಲಿ ಎಣಿಸಲಾಗಿದೆ. ಮೊದಲಿನ ಎರಡು ಧಾನ್ಯದಿಂದ ಆಗತಕ್ಕವು. ಬಿಯರಿನ ಜಾತಿಗೆ ಹತ್ತಿರವಾದವು.

ಮೇದಕದ ಅಳತೆ ಹೀಗಿದೆ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಈ ಲೆಕ್ಕದಿಂದ ಹದಿನಾರು ಪ್ರಸ್ಥ ನೀರಿಗೆ ಎರಡು ಪ್ರಸ್ಥ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದಾಗುತ್ತದೆ. ಅಕ್ಕಿಗಿಂತ ಕಿಣ್ವವೇ ಹೆಚ್ಚು! ಪ್ರಸನ್ನಾದಲ್ಲಾದರೋ ಹನ್ನೆರಡು ಆಢಕ, ಎಂದರೆ ನಲವತ್ತೆಂಟು ಪ್ರಸ್ಥ ಹಿಟ್ಟಿಗೆ ಐದು ಪ್ರಸ್ಥ ಕಿಣ್ವ. ಸುಮಾರು ಹತ್ತನೆಯ ಒಂದು ಪಾಲು.

ಕಿಣ್ವವೆಂದರೇನು? ಇಂದಿನ ಕನ್ನಡ ವಿಜ್ಞಾನ ಸಾಹಿತ್ಯದಲ್ಲಿ ಈ ಶಬ್ದವು ಎನ್‌ಜೈಮ್ ಎಂಬರ್ಥದಲ್ಲಿ ನೆಲೆಗೊಂಡಿದೆ. ಈ ಅರ್ಥವನ್ನು ಪ್ರಾಚೀನ ಗ್ರಂಥದ ಮೇಲೆ ಆರೋಪಿಸಿ ಓದಿದರೆ ಪ್ರಮಾದವಾದೀತು. ಕೌಟಿಲ್ಯನ ಕಿಣ್ವವು ಕಣ್ಣಿಗೆ ಕಾಣದ ರಾಸಾಯನಿಕವಲ್ಲ. ಪ್ರಸ್ಥದಿಂದ ಅಳೆದುಕೊಡುವ ಒಂದು ಮುದ್ದೆ. ಒಂದು ದ್ರೋಣ ಉದ್ದಿನ ಹಿಟ್ಟು, ಅದು ಹಸಿಯಾಗಿರಲಿ ಬೇಯಿಸಿದ್ದಾಗಿರಲಿ, ಅದರೊಡನೆ ಇನ್ನೂ ಹೆಚ್ಚಿನ ಪ್ರಮಾಣದ ಅಕ್ಕಿ, ಮತ್ತು ಮೋರಟಾದಿ ಮೂಲಿಕೆಗಳು ಕರ್ಷಪ್ರಮಾಣದಲ್ಲಿ: ಇದು ಕಿಣ್ವಬಂಧ. ಅಕ್ಕಿಯು ಉದ್ದಿಗಿಂತ ಎಷ್ಟು ಹೆಚ್ಚು ಎಂಬಲ್ಲಿ ಅನುವಾದಕರೊಳಗೆ ಭಿನ್ನಾಭಿಪ್ರಾಯವಿದೆ. ಮೂರನೆಯ ಒಂದು ಪಾಲು ಹೆಚ್ಚೆಂದು ಕೆಲವರು, ಮೂರು ಪಾಲು ಹೆಚ್ಚೆಂದು ಶಾಮಶಾಸ್ತ್ರಿಗಳು ಗ್ರಹಿಸಿದ್ದಾರೆ. ಹೇಗಿದ್ದರೂ ಉದ್ದು ಮತ್ತು ಅಕ್ಕಿ ಎಂಬ ಜೋಡಿಯು ನಿಸ್ಸಂಶಯ.

ಇದರಿಂದ ಎರಡು ಸಂಗತಿಗಳು ನಿಷ್ಪನ್ನವಾಗುತ್ತವೆ. ಒಂದು, ಮೇದಕದಲ್ಲಿ ಕಿಣ್ವವು ಬೀಜವೂ ಹೌದು, ಆಹಾರವೂ ಹೌದು. ನೀರು ಹೆಚ್ಚಾಗಿ ತೆಳುವಾಗಿರುವ ಆ ಮಿಶ್ರಣದಲ್ಲಿ ಬೀಜವು ಅಲ್ಪವಾಗಿದ್ದರೆ ಮಂದಾರಂಭವಾಗಿ ಅನ್ಯಜೀವಿಗಳು ನುಗ್ಗುವ ಸಂಭವವಿದೆ. ದೊಡ್ಡ ಪ್ರಮಾಣದ ಕಿಣ್ವವು ಆ ಸಂಭವವನ್ನು ಕಡಿಮೆಮಾಡುತ್ತದೆ. ಇದು ಗ್ರಂಥಕಾರನು ಹೇಳಿದ ಕಾರಣವಲ್ಲ, ಅಳತೆಯಿಂದ ನಾವು ಮಾಡುವ ಅನುಮಾನ. ಆದರೂ ಯುಕ್ತಿಗೆ ವಿರುದ್ಧವಾದುದಲ್ಲ. ಎರಡು, ಅಕ್ಕಿಯ ಪಿಷ್ಟವನ್ನು ಯೀಸ್ಟು ನೇರವಾಗಿ ಉಣ್ಣಲಾರದು. ಅದು ಮೊದಲು ಸಕ್ಕರೆಯಾಗಬೇಕು. ಯೂರೋಪಿನಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ ಈ ಕಾರ್ಯವನ್ನು ಸಾಧಿಸುತ್ತಾರೆ. ಪೂರ್ವ ಏಷ್ಯದಲ್ಲಿಯೂ ನಮ್ಮ ದೇಶದ ಹಿಮಾಲಯ ಮತ್ತು ಈಶಾನ್ಯ ಪ್ರಾಂತಗಳಲ್ಲಿಯೂ ಬೂಷ್ಟು ಮತ್ತು ಯೀಸ್ಟು ಕೂಡಿ ಬೆಳೆದ ಒಣ ಬಿಲ್ಲೆಗಳಿಂದ ಸಾಧಿಸುತ್ತಾರೆ. ಹಿಮಾಲಯದ ಮರ್ಚಾ, ಝಾರ್ಖಂಡ ಮತ್ತು ಒಡಿಶಾದ ಹಂಡಿಯಾಕ್ಕೆ ಬಳಸುವ ಬಿಲ್ಲೆಗಳು ಈ ವರ್ಗದವು. ಅವುಗಳಲ್ಲಿಯೂ ಅಕ್ಕಿಯ ಹಿಟ್ಟಿನೊಡನೆ ಮೂಲಿಕೆಗಳು ಸೇರಿರುತ್ತವೆ. ಕಿಣ್ವಬಂಧವನ್ನು ಇವುಗಳೊಡನೆ ಹೋಲಿಸುವುದು ಯುಕ್ತ. ವೈದಿಕ ಸೌತ್ರಾಮಣಿಯ ಸುರೆಗಾದರೋ ಮೊಳಕೆಯ ಧಾನ್ಯ, ಅರಳು ಮತ್ತು ನಗ್ನಹುವೆಂಬ ಮಿಶ್ರಣ ಉಕ್ತವಾಗಿವೆ. ಎಂದರೆ ಮೊಳಕೆಯ ಮಾರ್ಗವೂ ನಮ್ಮಲ್ಲಿ ಅಪರಿಚಿತವಾಗಿರಲಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೆರಡು ವಿಧಿಗಳು ಗಮನಾರ್ಹವಾಗಿವೆ. ಕುಟುಂಬಿಗಳು ತಮ್ಮ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅನುಮತಿಯಿತ್ತು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಸಡಿಲಿಕೆ ಇತ್ತು. ಸುರೆ ಮತ್ತು ಕಿಣ್ವಕ್ಕೆ ಬೇಕಾದ ಕೆಲಸವನ್ನು ಸ್ತ್ರೀಯರೂ ಮಕ್ಕಳೂ ಮಾಡತಕ್ಕದ್ದೆಂದು ಹೇಳಿದೆ. ಹುದುಗಿನ ಜ್ಞಾನದ ದೈನಂದಿನ ವಾಹಕರು ಯಾರಾಗಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ದುರ್ಲಭ.

೫. ಕನ್ನಡ ನಾಡಿನ ಗ್ರಂಥಗಳ ಸಾಕ್ಷ್ಯ

ಉದ್ದಿನ ಹಿಟ್ಟಿನ ತಿನಿಸಿಗೆ ಕನ್ನಡದಲ್ಲಿ ಹಳೆಯ ಉಲ್ಲೇಖಗಳಿವೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು ೧೦೨೫ರಲ್ಲಿ, ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರಿನೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಬೆರೆಸುವ ವಿಧಾನವಿದೆ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ‘ಇಡ್ಡರಿಕಾ’ ಎಂಬ ತಿನಿಸಿನ ವರ್ಣನೆಯಿದೆ. ಇದು ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಗ್ರಂಥ. ಇಂದಿನ ಇಡ್ಲಿಯ ಲಕ್ಷಣಗಳಾದ ಅಕ್ಕಿಯ ಮಿಶ್ರಣ, ದೀರ್ಘಕಾಲದ ಹುದುಗು ಮತ್ತು ಹಬೆಯಲ್ಲಿ ಬೇಯಿಸುವುದು ಈ ಉಲ್ಲೇಖಗಳಲ್ಲಿ ಸ್ಪಷ್ಟವಾಗಿಲ್ಲವೆಂಬುದನ್ನು ಆಹಾರೇತಿಹಾಸಕಾರ ಕೆ. ಟಿ. ಅಚ್ಚಯ್ಯನವರು ಎತ್ತಿ ತೋರಿಸಿದ್ದಾರೆ.

ಈ ಆಕ್ಷೇಪವು ಸರಿಯಾದುದೇ. ಆದರೆ ಲೋಕೋಪಕಾರದ ಮಜ್ಜಿಗೆ ಮತ್ತು ಮೊಸರಿನ ತಿಳಿಗಳನ್ನು ಹುದುಗಿನ ದೃಷ್ಟಿಯಿಂದ ಓದಿದರೆ ಒಂದು ವಿಶೇಷ ಹೊಳೆಯುತ್ತದೆ. ಮಜ್ಜಿಗೆಯೆಂದರೆ ಹುಳಿಬ್ಯಾಕ್ಟೀರಿಯಗಳ ಸಿದ್ಧ ಸಂಗ್ರಹ. ಅದರಲ್ಲಿ ನೆನೆದ ಉದ್ದಿಗೆ ಹುಳಿಯೂ ಜೀವಿಗಳೂ ಏಕಕಾಲದಲ್ಲಿ ಲಭಿಸುತ್ತವೆ. ಹುಳಿಯಿಂದ ಕೆಡುಕಿನ ಜೀವಿಗಳಿಗೆ ಮೊದಲಿನಿಂದಲೇ ತಡೆಯಾಗುತ್ತದೆ. ಇದು ಹಾಲಿಗೆ ಹೆಪ್ಪು ಹಾಕುವ ತತ್ತ್ವವೇ. ಆದಕಾರಣ ದೀರ್ಘ ಹುದುಗಿನ ಮಾತು ಗ್ರಂಥದಲ್ಲಿಲ್ಲವೆಂಬುದರಿಂದ ಹುದುಗಿನ ಪ್ರವೇಶವೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಅರ್ಥಶಾಸ್ತ್ರದ ಕಿಣ್ವದಿಂದ ಇಡ್ಲಿಯು ಹುಟ್ಟಿತೆಂದೂ ಹೇಳಲು ಆಧಾರವಿಲ್ಲ. ಉದ್ದು-ಅಕ್ಕಿಗಳ ಜೋಡಿಯ ಗುಣವು ನಮ್ಮ ಜನರಿಗೆ ಬಹು ಹಿಂದೆಯೇ ತಿಳಿದಿತ್ತೆಂದಷ್ಟೇ ಹೇಳಬಹುದು.

೬. ಬಿಯರಿನಲ್ಲಿ ಮಂದಾರಂಭ: ಕಾರಣಗಳೂ ಪರೀಕ್ಷಾಕ್ರಮವೂ

ಬಾರ್ಲಿಯ ಬಿಯರ್ ಈ ನಾಡಿಗೆ ಬಂದುದು ಆಂಗ್ಲರೊಡನೆ. ೧೮೧೮ರಲ್ಲಿ ಬೆಳಗಾವಿಯ ಕೋಟೆಯು ಅವರ ವಶವಾದ ಬಳಿಕ ಇಲ್ಲಿ ದಂಡು ನೆಲೆಯೂರಿತು. ಇಂದಿಗೂ ಆ ಭಾಗಕ್ಕೆ ‘ಕ್ಯಾಂಪ್’ ಎಂದೇ ಹೆಸರು. ಮೊದಲಿಗೆ ಬಿಯರ್ ಪೀಪಾಯಿಗಳಲ್ಲಿ ಸಮುದ್ರಮಾರ್ಗವಾಗಿ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಕಸೌಲಿ, ಮರಿ, ನೀಲಗಿರಿ, ಬೆಂಗಳೂರುಗಳಲ್ಲಿ ಬ್ರೂವರಿಗಳು ತಲೆಯೆತ್ತಿದವು. ದಕ್ಷಿಣದ ಇಂಥ ಐದು ಬ್ರೂವರಿಗಳನ್ನು ಕೂಡಿಸಿ ಥಾಮಸ್ ಲೀಷ್‌ಮನ್ ಎಂಬಾತನು ೧೯೧೫ರಲ್ಲಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದನು. ಈ ಊರುಗಳೆಲ್ಲವೂ ಎತ್ತರದ ತಂಪು ಸ್ಥಳಗಳೆಂಬುದನ್ನು ಗಮನಿಸಬೇಕು. ಯಂತ್ರದಿಂದ ತಂಪುಮಾಡುವ ವಿದ್ಯೆ ಪ್ರಚಾರಕ್ಕೆ ಬರುವ ಮೊದಲು ಭಾರತದಲ್ಲಿ ಬಿಯರ್ ತಯಾರಕನ ಮುಖ್ಯ ಶತ್ರು ಸೆಕೆಯೇ ಆಗಿತ್ತು. ಶೀತಪ್ರದೇಶದ ಹವ್ಯಾಸಿಯನ್ನು ಕಾಡುವ ಮಂದಾರಂಭವು ಇಲ್ಲಿ ಚಳಿಗಾಲದ ಅತಿಥಿ ಮಾತ್ರ.

ಬಿಯರಿಗೆ ಮಾಲ್ಟಿನ ಸಿಹಿಸಾರವನ್ನು ಹಾಪ್ಸಿನೊಡನೆ ಕುದಿಸಿ, ತಣಿಸಿ, ಯೀಸ್ಟನ್ನು ಬೆರೆಸುತ್ತಾರೆ. ಎಲ್ ಜಾತಿಯ ಬಿಯರಿಗೆ ೧೮ರಿಂದ ೨೨ ಡಿಗ್ರಿ, ಲಾಗರ್ ಜಾತಿಗೆ ೮ರಿಂದ ೧೩ ಡಿಗ್ರಿ ಉಷ್ಣತೆ ಸಾಮಾನ್ಯವಾಗಿ ಯೋಗ್ಯ. ಆರರಿಂದ ಇಪ್ಪತ್ತನಾಲ್ಕು ತಾಸುಗಳೊಳಗೆ ನೊರೆಯೆದ್ದರೆ ಚಿಂತೆಗೆ ಕಾರಣವಿಲ್ಲ. ಎರಡು ಮೂರು ದಿನಗಳಾದರೂ ಲಕ್ಷಣವೇ ಕಾಣದಿದ್ದರೆ ದೋಷವಿದೆಯೆಂದು ತಿಳಿಯಬೇಕು. ದೋಷವನ್ನು ಹುಡುಕುವಾಗ ಸುಲಭವಾದುದನ್ನು ಮೊದಲು, ಕಠಿಣವಾದುದನ್ನು ಅನಂತರ ಪರೀಕ್ಷಿಸುವುದು ಸರಿಯಾದ ಕ್ರಮ.

(ಅ) ಭ್ರಮೆಯ ಪರೀಕ್ಷೆ. ಮುಚ್ಚಳದ ಸಂದಿನಿಂದ ಅನಿಲವು ಸೋರಿಹೋಗುತ್ತಿದ್ದರೆ ನೀರಿನ ಕವಾಟದಲ್ಲಿ ಗುಳ್ಳೆ ಕಾಣುವುದಿಲ್ಲ. ಹುದುಗು ಮಾತ್ರ ಒಳಗೆ ನಡೆದೇ ಇರುತ್ತದೆ. ಗುಳ್ಳೆಯನ್ನು ನಂಬದೆ ಹೈಡ್ರೋಮೀಟರನ್ನು ನಂಬಬೇಕು. ಆರಂಭದಲ್ಲಿ ಸಾರದ ಸಾಪೇಕ್ಷ ಸಾಂದ್ರತೆ ೧.೦೫೦ ಇದ್ದು ಈಗ ೧.೦೪೦ ಆಗಿದ್ದರೆ ಸಕ್ಕರೆಯು ಕರಗುತ್ತಿದೆಯೆಂದೇ ಅರ್ಥ. ಆಗ ಮಾಡತಕ್ಕ ಚಿಕಿತ್ಸೆ ಏನೂ ಇಲ್ಲ.

(ಆ) ಉಷ್ಣತೆ. ಎಲ್ ಯೀಸ್ಟು ೧೪ ಡಿಗ್ರಿಯಲ್ಲಿ ಜಡವಾಗುತ್ತದೆ. ಪಾತ್ರೆಯನ್ನು ನಿಧಾನವಾಗಿ ೨೦ ಡಿಗ್ರಿಗೆ ತಂದು, ತಳದಲ್ಲಿ ಕುಳಿತ ಯೀಸ್ಟು ಏಳುವಂತೆ ಮೆಲ್ಲನೆ ತಿರುಗಿಸಿದರೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಕಂಬಳಿ ಸುತ್ತಿದ ಹಿಟ್ಟಿನ ಪಾತ್ರೆಗೂ ಇದಕ್ಕೂ ಭೇದವಿಲ್ಲ. ವಿರುದ್ಧವಾಗಿ, ಸಾರವು ಸಾಕಷ್ಟು ತಣಿಯುವ ಮೊದಲೇ ಯೀಸ್ಟು ಹಾಕಿದ್ದರೆ ಅದು ಸತ್ತಿರಬಹುದು. ಯಂತ್ರದಲ್ಲಿ ಬಹಳ ಹೊತ್ತು ರುಬ್ಬಿ ಬಿಸಿಯಾದ ಹಿಟ್ಟಿಗೂ ಇದೇ ಭಯ. ಒರಳಿನಲ್ಲಿ ರುಬ್ಬಿದ ಹಿಟ್ಟಿಗೆ ಆ ಭಯ ಕಡಿಮೆ.

(ಇ) ಯೀಸ್ಟಿನ ಸಂಖ್ಯೆ ಮತ್ತು ಜೀವಂತಿಕೆ. ಸಾಮಾನ್ಯ ಎಲ್ ಬಿಯರಿಗೆ ಪ್ರತಿ ಮಿಲಿಲೀಟರ್ ಸಾರಕ್ಕೆ ಸುಮಾರು ಒಂದು ಕೋಟಿ ಜೀವಕೋಶಗಳು ಬೇಕೆಂದು ಲೆಕ್ಕ. ಹಳೆಯದಾದ ಅಥವಾ ಸೆಕೆಯಲ್ಲಿ ಇಟ್ಟ ಯೀಸ್ಟಿನಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ ಬದುಕಿದೆಯೆನ್ನೋಣ. ನಿಗದಿಯ ಸಂಖ್ಯೆಯನ್ನು ಮುಟ್ಟಲು ಅದು ನಾಲ್ಕು ಸಲ ಇಮ್ಮಡಿಸಬೇಕು. ಪ್ರತಿ ಇಮ್ಮಡಿಗೆ ಮೂರು ತಾಸೆಂದಿಟ್ಟುಕೊಂಡರೆ ಹನ್ನೆರಡು ತಾಸು ಹೆಚ್ಚಿನ ವಿಳಂಬ. ಆ ಹನ್ನೆರಡು ತಾಸು ಶತ್ರುಜೀವಿಗಳಿಗೆ ದೊರೆತ ಬಿಡುವು. ಒಣ ಯೀಸ್ಟನ್ನು ಬಳಸುವ ಮೊದಲು ಸ್ವಲ್ಪವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಕ್ಕರೆಯೊಡನೆ ಕದಡಿ ಅರ್ಧ ತಾಸು ಬಿಟ್ಟು ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ, ನೊರೆಯೆದ್ದರೆ ಜೀವವಿದೆ.

(ಈ) ಪ್ರಾಣವಾಯು. ಯೀಸ್ಟು ಇಮ್ಮಡಿಸುವಾಗ ತನ್ನ ಕೋಶಪೊರೆಯ ಕೊಬ್ಬಿನ ಅಂಶಗಳನ್ನು ಕಟ್ಟಿಕೊಳ್ಳಲು ಆಮ್ಲಜನಕವನ್ನು ಬಯಸುತ್ತದೆ. ಕುದಿಸಿದ ಸಾರದಲ್ಲಿ ಅದು ಉಳಿದಿರುವುದಿಲ್ಲ. ಆದಕಾರಣ ತಣಿದ ಸಾರವನ್ನು ಯೀಸ್ಟು ಹಾಕುವ ಹೊತ್ತಿಗೆ ಚೆನ್ನಾಗಿ ಕಡೆದು ಗಾಳಿ ಸೇರಿಸಬೇಕು. ಹುದುಗು ನಡೆದ ಮೇಲೆ ಹೀಗೆ ಮಾಡಬಾರದು; ಮಾಡಿದರೆ ರುಚಿ ಕೆಡುತ್ತದೆ.

(ಉ) ಆಹಾರದ ಸಮತೋಲ. ಸಾರವು ಅತಿ ಸಿಹಿಯಾದರೆ ಸಕ್ಕರೆಯ ಒತ್ತಡದಿಂದ ಯೀಸ್ಟಿನೊಳಗಿನ ನೀರು ಹೊರಗೆಳೆಯಲ್ಪಟ್ಟು ಅದು ಕುಗ್ಗುತ್ತದೆ. ಮಾಲ್ಟಿನ ಬದಲು ಸಕ್ಕರೆಯನ್ನೇ ಹೆಚ್ಚಾಗಿ ಬಳಸಿದರೆ ಸಾರಜನಕದ ಕೊರತೆಯಾಗುತ್ತದೆ. ಹಿಟ್ಟಿನಲ್ಲಿ ಉಪ್ಪು ಹೆಚ್ಚಾದಾಗ ಆಗುವುದೂ ಮೊದಲನೆಯ ಬಗೆಯ ತೊಂದರೆಯೇ.

(ಊ) ಕೊನೆಯ ಉಪಾಯ. ಮೇಲಿನ ಯಾವುದರಿಂದಲೂ ಫಲ ಕಾಣದಿದ್ದರೆ ಹೊಸ ಯೀಸ್ಟನ್ನು ಬೆರೆಸಬೇಕು. ಅದಕ್ಕೆ ಮೊದಲು ಸಾರದ ಮೇಲೆ ಪೊರೆ, ಎಳೆಯೆಳೆಯಾದ ಅಂಟು ಅಥವಾ ಕೆಟ್ಟ ವಾಸನೆ ಇದೆಯೇ ಎಂದು ನೋಡತಕ್ಕದ್ದು. ಇದ್ದರೆ ಸ್ಪರ್ಧೆಯು ಮುಗಿದಿದೆ, ಚೆಲ್ಲುವುದೇ ಲೇಸು.

ಹಾಪ್ಸಿನ ಕಹಿಯು ಹುಳಿಬ್ಯಾಕ್ಟೀರಿಯಗಳನ್ನು ತಡೆಯುವ ಗುಣವುಳ್ಳದ್ದು. ಆದ್ದರಿಂದ ಬಿಯರಿಗೆ ಮಂದಾರಂಭದಲ್ಲಿಯೂ ಸ್ವಲ್ಪ ರಕ್ಷಣೆ ಉಂಟು. ನಾರ್ವೆಯ ಹಳ್ಳಿಗರು ಕ್ವೈಕ್ ಎಂಬ ಮನೆಯ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿ ತಲೆಮಾರುಗಳಿಂದ ಕಾಪಾಡಿದ್ದಾರೆ. ಅದು ೩೦ ಡಿಗ್ರಿಗೂ ಮೇಲೆ ಬಹು ಬೇಗನೆ ಏಳುತ್ತದೆ. ಹಿಂದಿನ ಹಿಟ್ಟಿನ ಒಂದು ಸೌಟನ್ನು ಉಳಿಸುವ ಖಾನಾಪುರದ ತಾಯಿಗೂ ನಾರ್ವೆಯ ಒಕ್ಕಲಿಗನಿಗೂ ಉಪಾಯ ಒಂದೇ.

೭. ಕಾಯಿದೆಯ ಪ್ರಭಾವ

ಬೆಳಗಾವಿ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ೧೮೭೮ರ ಮುಂಬಯಿ ಅಬಕಾರಿ ಕಾಯಿದೆಯೂ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯೂ ಇಲ್ಲಿಗೆ ಅನ್ವಯಿಸಿದವು. ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ಮನೆಯಲ್ಲಿ ಬಿಯರ್ ಮಾಡುವುದೂ ಅದರಲ್ಲಿ ಸೇರಿದೆ. ಹಿಂದಿನ ಪ್ರಕರಣದ ವಿವರಣೆಯು ಕ್ರಿಯೆಯನ್ನು ತಿಳಿಯಲು ಹೊರತು ಪ್ರಯೋಗಕ್ಕೆ ಪ್ರೇರಣೆಯಲ್ಲವೆಂದು ಸ್ಪಷ್ಟಪಡಿಸಬೇಕಾಗಿದೆ.

ಇತಿಹಾಸಕಾರನ ದೃಷ್ಟಿಯಿಂದ ಈ ಕಾಯಿದೆಗಳಿಗೆ ಇನ್ನೊಂದು ಮುಖವಿದೆ. ಅಬಕಾರಿ ದಾಖಲೆಗಳಲ್ಲಿ ಮರಗಳ ಸಂಖ್ಯೆ, ಗುತ್ತಿಗೆಯ ಹಣ, ದಂಡದ ಮೊತ್ತಗಳು ಸಿಕ್ಕುತ್ತವೆ. ಹುದುಗನ್ನು ಏಳಿಸುವ ವಿದ್ಯೆಯು ಸಿಕ್ಕುವುದಿಲ್ಲ. ಕೌಟಿಲ್ಯನು ಸುರಾಧ್ಯಕ್ಷನ ಕರ್ತವ್ಯದಲ್ಲಿಯೇ ಕಿಣ್ವದ ಅಳತೆಯನ್ನೂ ಬರೆದಿಟ್ಟನು. ಆಧುನಿಕ ಅಬಕಾರಿಯು ಅದನ್ನು ಬರೆಯುವ ಅಗತ್ಯವನ್ನು ಕಾಣಲಿಲ್ಲ. ದಾಖಲೆಯಲ್ಲಿಲ್ಲದ ಈ ವಿದ್ಯೆಗೆ ಅಡಿಗೆಮನೆಯೇ ಇಂದು ನಮಗೆ ಉಳಿದಿರುವ ಪತ್ರಾಗಾರ.

೮. ಉಪಸಂಹಾರ

ಈಗ ‘ಕೈಗುಣ’ದ ಪ್ರಶ್ನೆಗೆ ಬರೋಣ. ಮನುಷ್ಯರ ಚರ್ಮದ ಮೇಲೆ ಸೂಕ್ಷ್ಮಜೀವಿಗಳಿರುವುದು ನಿಜ. ಕೈಯಿಂದ ಕಲಸಿದಾಗ ಅವು ಹಿಟ್ಟಿಗೆ ಸೇರುವುದೂ ಕೈಯ ಬಿಸುಪು ಹಿಟ್ಟಿಗೆ ತಗಲುವುದೂ ನಿಜ. ಆದರೆ ಉದ್ದಿನೊಡನೆ ಬರುವ ಜೀವಿಗಳೇ ಹಿಟ್ಟನ್ನು ಏಳಿಸಲು ಸಮರ್ಥವಾಗಿವೆ. ಜನವರಿಯ ೧೪ ಡಿಗ್ರಿಯ ರಾತ್ರಿಯಲ್ಲಿ ಯಾವ ಕೈಯಿಂದ ರುಬ್ಬಿದರೂ ಹಿಟ್ಟು ತಡವಾಗಿಯೇ ಏಳುತ್ತದೆ. ಹೊಸದಾಗಿ ಮನೆಗೆ ಬಂದ ಸೊಸೆಯ ಕೈಯಿಂದ ಹಿಟ್ಟು ಏಳಲಿಲ್ಲವೆಂದು ಆಕೆಯ ಮೇಲೆ ಹೊರಿಸುವ ಮಾತಿಗಾಗಲಿ, ತಿಂಗಳ ದಿನಗಳಲ್ಲಿ ಆಕೆ ಮುಟ್ಟಿದುದರಿಂದ ಕೆಟ್ಟಿತೆಂಬ ನಂಬಿಕೆಗಾಗಲಿ ಹುದುಗಿನ ಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಉಷ್ಣಮಾಪಕವನ್ನು ನೋಡಿದ್ದರೆ, ಉದ್ದು ಎಷ್ಟು ಹಳೆಯದೆಂದು ವಿಚಾರಿಸಿದ್ದರೆ, ನೆನೆದ ನೀರನ್ನು ಚೆಲ್ಲಲಾಯಿತೇ ಎಂದು ಕೇಳಿದ್ದರೆ ಕಾರಣವು ತಾನಾಗಿ ಹೊರಬೀಳುತ್ತಿತ್ತು.

ಪ್ರಾಚೀನ ಗ್ರಂಥಗಳ ಅಳತೆಗಳು, ಮನೆಯ ರೂಢಿಗಳು, ಪ್ರಯೋಗಾಲಯದ ನಿರ್ಣಯಗಳು: ಈ ಮೂರನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ ಹುದುಗು ಏಳಲು ಸಾಕಷ್ಟು ಬೀಜ, ಸರಿಯಾದ ಬಿಸುಪು, ಉಣ್ಣಲು ತಕ್ಕ ಆಹಾರ ಬೇಕೆಂಬ ಒಂದೇ ತತ್ತ್ವವು ಅವುಗಳಲ್ಲಿ ಕಾಣುತ್ತದೆ. ಬೆಳಗಾವಿ-ಖಾನಾಪುರ ಸೀಮೆಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳನ್ನಾಡುವ ಮನೆಗಳು ಒಂದೇ ಬೀದಿಯಲ್ಲಿವೆ. ದೋಸೆ, ಪಡ್ಡು, ಅಂಬೋಳಿ, ಸಾನ್ನಾಂಗಳ ಹುದುಗಿನ ಪದ್ಧತಿಗಳನ್ನು ಋತು ಮತ್ತು ಉಷ್ಣತೆಯ ವಿವರಗಳೊಡನೆ ಸಂಗ್ರಹಿಸಲು ಇದು ಪ್ರಶಸ್ತವಾದ ಕ್ಷೇತ್ರ. ಹಿರಿಯ ಗೃಹಿಣಿಯರಿಂದ ಈ ಪದ್ಧತಿಗಳನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಒಲೆಯ ಪಕ್ಕದ ಮೂಲೆ ಮನೆಗಳಿಂದ ಮರೆಯಾಗುತ್ತಿರುವ ಈ ಕಾಲದಲ್ಲಿ ಆ ಕೆಲಸವು ಬಹಳ ದಿನ ಕಾಯುವಂಥದಲ್ಲ.